ನೆನಪು, ಮೆದುಳು ಮತ್ತೆ ಒಬ್ಬೊಬ್ಬರ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಶಿರಸಿ ಹತ್ರದ ಒಂದು ಹಳ್ಳಿ, ಈಗ ಇರೋದು ಕುಮಟಾದಲ್ಲಿ. ಸೈಕಾಲಜಿ ಎಂಎಸ್ಸಿ ಮುಗ್ಸಿ ಬೆಂಗಳೂರಲ್ಲಿ ನೆನಪಿನ ಬಗ್ಗೆ ಕೆಲ್ಸ ಮಾಡೋ ಒಂದು ಲ್ಯಾಬಲ್ಲಿ ನಾಲ್ಕು ವರ್ಷ ಅಸಿಸ್ಟೆಂಟ್ ಆಗಿದ್ದೆ, ಜನರನ್ನ ಸ್ಕ್ಯಾನರ್ ಒಳಗೆ ಮಲಗಿಸೋದು, ಶಬ್ದ ತೋರ್ಸೋದು, ಆಮೇಲೆ ಕೂತು ಡೇಟಾ ಸೋಸೋದು ಇದೇ ಕೆಲ್ಸ. ಈಗ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದ ಶಾಲೆಗಳಿಗೂ ಹೋಗಿ ಮೆದುಳಿನ ಬಗ್ಗೆ ಮಾತಾಡ್ತೇನೆ. ಹೋದಲ್ಲೆಲ್ಲ ಮಕ್ಕಳು, ಮಾಸ್ತರು, ತಂದೆ ತಾಯಿ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಅವೇ, ಅದಕ್ಕೆ ಎಲ್ಲ ಒಂದೇ ಕಡೆ ಬರ್ದಿಟ್ಟಿದ್ದೇನೆ.

ಒಬ್ಬೊಬ್ಬರ ನೆನಪು ಒಂದೊಂದು ಥರ ಇರೋದು ಮೆದುಳಲ್ಲೂ ಕಾಣ್ತದಾ?

ಕಾಣ್ತದೆ. ಲ್ಯಾಬಲ್ಲಿ ನಾನೇ ನೋಡಿದ್ದು ಒಂದು ಹೇಳ್ತೇನೆ. ಅವತ್ತು ಇಬ್ರು ಬಂದಿದ್ರು, ಒಬ್ಳು ಡಿಗ್ರಿ ಓದೋ ಹುಡುಗಿ, ಇನ್ನೊಬ್ರು ನಲವತ್ತರ ಆಸುಪಾಸಿನ ಬ್ಯಾಂಕ್ ಕ್ಲರ್ಕು. ಇಬ್ರಿಗೂ ಒಂದೇ ಪಟ್ಟಿ: ಹಿಡಿಸೂಡಿ, ನೇಗಿಲು, ಲಾಟೀನು, ದೋಣಿ ಈ ಥರದ ಶಬ್ದಗಳು. ಮೊದ್ಲು ಒಂದೊಂದಾಗಿ ಪರದೆ ಮೇಲೆ ತೋರ್ಸೋದು, ಸ್ವಲ್ಪ ಹೊತ್ತು ಬಿಟ್ಟು ಹೊಸ ಶಬ್ದನೂ ಬೆರೆಸಿ ತೋರ್ಸಿ ಇದು ಆಗ ನೋಡಿದ್ದಾ ಅಲ್ವಾ ಅಂತ ಬಟನ್ ಒತ್ತಿಸೋದು. ಹೊರಗೆ ಬಂದ್ಮೇಲೆ ಹೇಗೆ ನೆನಪಿಟ್ಕೊಂಡ್ರಿ ಅಂತ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ದೆ. ಹುಡುಗಿ ಹೇಳಿದ್ಳು, ಎಲ್ಲ ಸಾಮಾನೂ ನಮ್ಮನೆ ಅಂಗಳದಲ್ಲಿ ಇಟ್ಟ ಹಾಗೆ ಮಾಡ್ಕೊಂಡೆ, ದೋಣಿ ತುಳಸಿಕಟ್ಟೆಗೆ ಒರಗಿಸಿಟ್ಟಿದ್ದೆ ಅಂತ. ಕ್ಲರ್ಕು ಹೇಳಿದ್ರು, ಚಿತ್ರ ಗಿತ್ರ ಏನಿಲ್ಲ ಮೇಡಂ, ಒಳಗೊಳಗೇ ಭಜನೆ ಹೇಳಿದ ಹಾಗೆ ಹೇಳ್ಕೊಂಡೆ ಅಷ್ಟೇ ಅಂತ.

ಮಾರ್ಕ್ಸು ಇಬ್ರಿಗೂ ಹತ್ತಿರ ಹತ್ತಿರ ಒಂದೇ. ಆದ್ರೆ ವಾರ ಬಿಟ್ಟು, ಮೆದುಳಿನ ಯಾವ ಭಾಗ ಹೆಚ್ಚು ಕೆಲ್ಸ ಮಾಡ್ತು ಅಂತ ಬಣ್ಣದಲ್ಲಿ ತೋರ್ಸೋ ನಕ್ಷೆ ತೆಗ್ದು ಅಕ್ಕಪಕ್ಕ ಇಟ್ಟಾಗ ಇದು ಒಂದೇ ಪರೀಕ್ಷೆ ಅಂತ ಯಾರೂ ಹೇಳ್ಲಿಕ್ಕಿಲ್ಲ, ಹುಡುಗಿದು ತಲೆ ಹಿಂಭಾಗ, ಅಂದ್ರೆ ನೋಡೋ ಕೆಲ್ಸದ ಜಾಗದ ಕಡೆ ಬಣ್ಣ ತುಂಬಿತ್ತು, ಕ್ಲರ್ಕಿಂದು ಎಡಗಡೆ ಹಣೆ ಹಿಂದೆ, ಮಾತಿಗೆ ಸಂಬಂಧಪಟ್ಟ ಕಡೆ. ಇಬ್ರನ್ನ ನೋಡಿ ಒಂದು ಸಿದ್ಧಾಂತ ಕಟ್ಲಿಕ್ಕೆ ಆಗೋದಿಲ್ಲ, ಅದು ನಂಗೂ ಗೊತ್ತು. ಆದ್ರೆ ಆ ಎರಡು ಚಿತ್ರ ನೋಡಿದ ಮೇಲೆ ನಾನು ಈ ವಿಷಯ ಬಿಟ್ಟವಳಲ್ಲ.

ಇದನ್ನ ಸರಿಯಾಗಿ ಅಳೆದು ತೋರ್ಸಿದವ್ರು ಅಮೆರಿಕದ ಮೈಕೆಲ್ ಮಿಲ್ಲರ್ ಮತ್ತೆ ಅವರ ಜೊತೆಗಾರರು, 2002ರಲ್ಲಿ. ಬರೀ 9 ಜನ, ಶಬ್ದ ಗುರುತು ಹಿಡಿಯೋದೇ ಪರೀಕ್ಷೆ. ಒಬ್ಬೊಬ್ಬರ ನಕ್ಷೆ ಒಂದೊಂದು ಥರ ಬಂತು. ಇಷ್ಟೇ ಆಗಿದ್ರೆ ಅದು ಮಷೀನಿನ ಗದ್ದಲ, ಅಂದ್ರೆ ಅಳತೆಲಿ ತಾನಾಗೇ ಬರೋ ಏರುಪೇರು ಇರ್ಬಹುದು, ಅವತ್ತು ಅವನಿಗೆ ನಿದ್ದೆ ಇರ್ಲಿಲ್ಲವೇನೋ ಅಂತ ಬಿಡಬಹುದಿತ್ತು. ಅವರು ಮಾಡಿದ ಜಾಣತನದ ಕೆಲ್ಸ ಏನಂದ್ರೆ ತಿಂಗಳುಗಟ್ಟಲೆ ಬಿಟ್ಟು ಅವರಲ್ಲೇ ಕೆಲವರನ್ನ ವಾಪಸ್ ಕರ್ದು ಮತ್ತೆ ಸ್ಕ್ಯಾನ್ ಮಾಡಿದ್ದು. ಆಗ್ಲೂ ಅವರವರ ನಕ್ಷೆ ಅವರವರ ಹಳೇ ನಕ್ಷೆ ಥರಾನೇ ಬಂತು, ಪಕ್ಕದವನ ಥರ ಅಲ್ಲ. ಅಂದ್ರೆ ಆ ವ್ಯತ್ಯಾಸ ಗದ್ದಲ ಅಲ್ಲ, ಅದು ಆ ಮನುಷ್ಯನದ್ದೇ.

ಹಾಗಾದ್ರೆ ಪೇಪರಲ್ಲಿ, ಮೊಬೈಲಲ್ಲಿ ಬರೋ ಬಣ್ಣದ ಮೆದುಳಿನ ಚಿತ್ರ ಯಾರದ್ದು?

ಹೆಚ್ಚಿನ ಸಲ ಯಾರದ್ದೂ ಅಲ್ಲ. ಇಪ್ಪತ್ತು ಮೂವತ್ತು ಜನರ ಮೆದುಳನ್ನ ಕಂಪ್ಯೂಟರಲ್ಲಿ ಎಳೆದು ತಗ್ಗಿಸಿ ಒಂದೇ ಅಳತೆಗೆ ತಂದು, ಎಲ್ಲರಲ್ಲೂ ಸಾಮಾನ್ಯವಾಗಿ ಕಂಡಿದ್ದನ್ನ ಮಾತ್ರ ಉಳಿಸಿ ಮಾಡಿದ ಸರಾಸರಿ ಅದು. ನಮ್ಮ ಜಿಲ್ಲೆಯ ಮಳೆ ಲೆಕ್ಕ ನೋಡಿ, ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟ್ತದೆ, ಹಳಿಯಾಳ ಮುಂಡಗೋಡದ ಕಡೆ ಅದರ ಅರ್ಧನೂ ಬೀಳೋದಿಲ್ಲ, ಎರಡನ್ನೂ ಕೂಡ್ಸಿ ಭಾಗ್ಸಿ ಜಿಲ್ಲೆಯ ಸರಾಸರಿ ಅಂತ ಒಂದು ಅಂಕಿ ಬರೀಬಹುದು, ಆದ್ರೆ ಆ ಅಂಕಿ ಹಿಡ್ಕೊಂಡು ಹಳಿಯಾಳದವ ಭತ್ತ ಹಾಕಿದ್ರೆ ಕೆಟ್ಟ, ಭಟ್ಕಳದವ ಚರಂಡಿ ಕಟ್ಟಿದ್ರೂ ಕೆಟ್ಟ. ಸರಾಸರಿಯಿಂದ ಉಪಯೋಗ ಇಲ್ಲ ಅಂತಲ್ಲ, ಮೆದುಳಿನ ಯಾವ ಭಾಗ ಯಾವ ಕೆಲ್ಸಕ್ಕೆ ಅಂತ ಗೊತ್ತಾಗಿದ್ದರಲ್ಲಿ ಬಹಳಷ್ಟು ಅದರಿಂದಲೇ. ನಂಗೆ ಬೇಜಾರಾಗೋದು ಎಲ್ಲಿ ಅಂದ್ರೆ ಆ ಸರಾಸರಿ ಚಿತ್ರವನ್ನ ತೋರ್ಸಿ ಇದೇ ಸರಿಯಾದ ಮೆದುಳು, ನಿಮ್ಮ ಮಗುವಿನದ್ದು ಹೀಗಿಲ್ಲ ಅಂತ ಹೆದರಿಸೋ ಕಡೆ.

ಆ ಸ್ಕ್ಯಾನರ್ ನಿಜವಾಗಿ ಏನು ನೋಡ್ತದೆ? ಯೋಚನೆ ಕಾಣ್ತದಾ?

ಯೋಚನೆ ಕಾಣೋದಿಲ್ಲ. ಕಾಣೋದು ರಕ್ತ. ಮೆದುಳಿನ ಯಾವ ಭಾಗ ಹೆಚ್ಚು ಕೆಲ್ಸ ಮಾಡ್ತದೋ ಅಲ್ಲಿಗೆ ಆಕ್ಸಿಜನ್ ತುಂಬಿದ ರಕ್ತ ಹೆಚ್ಚು ಹರೀತದೆ, ಆಕ್ಸಿಜನ್ ಇರೋ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಎದುರು ಗುಣ ಬೇರೆ, ಆ ಸಣ್ಣ ವ್ಯತ್ಯಾಸವನ್ನ ಹಿಡಿಯಬಹುದು ಅಂತ ಜಪಾನಿನ ಸೇಜಿ ಒಗಾವಾ 1990ರಲ್ಲಿ ತೋರ್ಸಿದ್ರು. ಇದನ್ನ ಎಫ್‌ಎಂಆರ್‌ಐ ಅಂತಾರೆ. ರಿಸರ್ಚಿಗೆ ಸಾಮಾನ್ಯವಾಗಿ ಬಳಸೋ 3 ಟೆಸ್ಲಾ ಮಷೀನಿನ ಅಯಸ್ಕಾಂತ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 60,000 ಪಟ್ಟು ಜೋರು.

ಎರಡು ವಿಷಯ ಮರೀಬೇಡಿ. ರಕ್ತ ನಿಧಾನ, ಮೆದುಳು ಕೆಲ್ಸ ಮಾಡಿ ಐದಾರು ಸೆಕೆಂಡ್ ಆದ್ಮೇಲೆ ಅದರ ಏರಿಕೆ ಕಾಣ್ತದೆ. ಮತ್ತೆ ಚಿತ್ರದ ಒಂದೊಂದು ಚುಕ್ಕಿ ಒಳಗೂ ಲಕ್ಷಗಟ್ಟಲೆ ನರಕೋಶ ಇರ್ತದೆ. ಮನುಷ್ಯನ ಮೆದುಳಲ್ಲಿ ಒಟ್ಟು ಸುಮಾರು 8600 ಕೋಟಿ ನರಕೋಶ. ಹಾಗಾಗಿ ಎಫ್‌ಎಂಆರ್‌ಐ ಅಂದ್ರೆ ಗುಡ್ಡದ ಮೇಲೆ ನಿಂತು ರಾತ್ರಿ ಊರಲ್ಲಿ ಯಾವ ಕೇರಿಲಿ ದೀಪ ಹೆಚ್ಚು ಉರೀತಿದೆ ಅಂತ ನೋಡಿದ ಹಾಗೆ, ಯಾವ ಮನೆಲಿ ಯಾರು ಏನು ಮಾತಾಡ್ತಿದ್ದಾರೆ ಅಂತ ಅಲ್ಲಿಂದ ಕೇಳ್ಸೋದಿಲ್ಲ.

ಬೆರಳಚ್ಚಿನ ಹಾಗೆ ಮೆದುಳಚ್ಚು ಅಂತ ಇರ್ತದಂತೆ, ಹೌದಾ?

ಹೌದು, ಒಂದು ಮಟ್ಟಿಗೆ. 2015ರಲ್ಲಿ ಯೇಲ್ ಯೂನಿವರ್ಸಿಟಿಯ ಎಮಿಲಿ ಫಿನ್ ಮತ್ತೆ ಜೊತೆಗಾರರು 126 ಜನರ ಸ್ಕ್ಯಾನ್ ತಗೊಂಡು, ಮೆದುಳಿನ ಯಾವ ಭಾಗ ಯಾವ ಭಾಗದ ಜೊತೆ ತಾಳ ಹಾಕಿ ಏರ್ತದೆ ಇಳೀತದೆ ಅನ್ನೋ ನಕ್ಷೆ ಮಾಡಿದ್ರು. ಒಂದು ದಿನದ ನಕ್ಷೆ ಕೊಟ್ಟು ಇನ್ನೊಂದು ದಿನದ ರಾಶಿಯಲ್ಲಿ ಇವ ಯಾರು ಹುಡ್ಕು ಅಂತ ಕಂಪ್ಯೂಟರಿಗೆ ಹೇಳಿದ್ರೆ, ಸುಮ್ನೆ ಮಲಗಿದ್ದಾಗಿನ ಸ್ಕ್ಯಾನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸಲ ಸರಿಯಾಗಿ ಹುಡ್ಕಿತು. ಬೇರೆ ಬೇರೆ ಕೆಲ್ಸ ಮಾಡಿಸಿದಾಗ ಅಷ್ಟು ಸರಿ ಬರ್ಲಿಲ್ಲ, ಆದ್ರೂ ಬರೀ ಅದೃಷ್ಟಕ್ಕೆ ಬರೋದಕ್ಕಿಂತ ತುಂಬಾ ಮೇಲೆ. ತಾಳಮದ್ದಳೆ, ಅಂದ್ರೆ ವೇಷ ಇಲ್ದೇ ಕೂತು ಮಾತಲ್ಲೇ ನಡ್ಸೋ ಯಕ್ಷಗಾನ ಕೇಳೋವ್ರಿಗೆ ಇದು ಬೇಗ ಅರ್ಥ ಆಗ್ತದೆ, ರೇಡಿಯೋದಲ್ಲಿ ದನಿ ಕೇಳಿದ ಕೂಡ್ಲೇ ಅರ್ಥಧಾರಿ ಯಾರು ಅಂತ ಹೇಳ್ತಾರಲ್ಲ, ಪ್ರಸಂಗ ಯಾವ್ದೇ ಇರ್ಲಿ ಆ ಮಾತಿನ ನಡೆ ಅವರದ್ದೇ.

ಅವಳಿ ಮಕ್ಕಳದ್ದು ಒಂದೇ ಇರ್ತದಾ?

ತದ್ರೂಪಿ ಅವಳಿಗಳದ್ದು ಬೇರೆಯವ್ರಿಗಿಂತ ಹೆಚ್ಚು ಹೋಲ್ತದೆ. ಆದ್ರೂ ಬೇರೆ ಮಾಡಿ ಹೇಳಬಹುದು.

ನೆನಪು ಮೆದುಳಲ್ಲಿ ಎಲ್ಲಿ ಇರ್ತದೆ?

ಒಂದು ಡಬ್ಬಿಯಲ್ಲಿ ಇಟ್ಟ ಹಾಗೆ ಒಂದೇ ಕಡೆ ಇಲ್ಲ. ಆದ್ರೆ ಹೊಸ ಘಟನೆಗಳ ನೆನಪು ಕಟ್ಲಿಕ್ಕೆ ಬೇಕೇ ಬೇಕಾದ ಒಂದು ಭಾಗ ಇದೆ, ಹಿಪ್ಪೋಕ್ಯಾಂಪಸ್, ಎರಡೂ ಕಿವಿಗಳ ಒಳಭಾಗಕ್ಕೆ ಒಂದೊಂದು. ಆ ಹೆಸರು ಗ್ರೀಕ್ ಭಾಷೆಯ ಕಡಲಕುದುರೆ ಅನ್ನೋ ಶಬ್ದದಿಂದ ಬಂದದ್ದು, ಆಕಾರನೂ ಹಾಗೇ. ಮೀನುಗಾರರ ಮಕ್ಕಳಿರೋ ಶಾಲೆಲಿ ಇದನ್ನ ಹೇಳಿದ್ರೆ ಸಾಕು, ಬಲೆಗೆ ಕಡಲಕುದುರೆ ಸಿಕ್ಕಿದ್ದು ನೋಡಿದವ್ರು ನಾಲ್ಕು ಜನ ಆದ್ರೂ ಕೈ ಎತ್ತುತ್ತಾರೆ, ಬೋರ್ಡಿಗೆ ಬಂದು ಚಿತ್ರನೂ ಬರೀತಾರೆ.

ಇದು ಗೊತ್ತಾಗಿದ್ದು ಹೆನ್ರಿ ಮೊಲೈಸನ್ ಅನ್ನೋ ಒಬ್ಬ ಅಮೆರಿಕದ ಮನುಷ್ಯನಿಂದ. ಮೂರ್ಛೆರೋಗ ಕಡಿಮೆ ಆಗ್ಲಿ ಅಂತ 1953ರಲ್ಲಿ ಡಾಕ್ಟರು ಅವನ ಮೆದುಳಿನ ಎರಡೂ ಬದಿಯ ಆ ಭಾಗದ ಬಹಳಷ್ಟನ್ನ ತೆಗೆದ್ರು. ಮೂರ್ಛೆ ಕಡಿಮೆ ಆಯ್ತು, ಆದ್ರೆ ಅವತ್ತಿಂದ ಹೊಸದೊಂದು ಘಟನೆ ಅವನಲ್ಲಿ ಉಳೀಲಿಲ್ಲ. ದಶಕಗಟ್ಟಲೆ ಅವನನ್ನ ಪರೀಕ್ಷೆ ಮಾಡಿದ ಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್ ಬಂದ್ರೂ ಪ್ರತಿಸಲ ಹೊಸ ಪರಿಚಯ. ಆದ್ರೆ ಕನ್ನಡಿ ನೋಡ್ಕೊಂಡು ನಕ್ಷತ್ರದ ಗೆರೆ ಎಳಿಯೋದನ್ನ ದಿನಾ ಮಾಡಿಸಿದ್ರೆ ದಿನಾ ಕೈ ಚೊಕ್ಕ ಆಗ್ತಾ ಹೋಯ್ತು, ಇದನ್ನ ಮೊದ್ಲು ಮಾಡಿದ್ದೇನೆ ಅನ್ನೋ ನೆನಪು ಮಾತ್ರ ಇಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ. 2008ರಲ್ಲಿ ತೀರ್ಕೊಂಡ. ಅವನ ಕಥೆ ಹೇಳುವಾಗ ನಂಗೆ ಈಗ್ಲೂ ಗಂಟಲು ಕಟ್ತದೆ, ನಾವು ಕಲಿತ ಪಾಠಕ್ಕೆ ಅವನು ಕೊಟ್ಟಿದ್ದು ಐವತ್ತೈದು ವರ್ಷ.

ನಂದೇ ಸ್ಕ್ಯಾನಿನ ಒಂದು ಪ್ರಿಂಟ್ ಊರಿಗೆ ತಗೊಂಡು ಹೋಗಿದ್ದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಬೆಳಕಿಗೆ ಹಿಡ್ದು ನೋಡಿ "ಇದ್ರೊಳಗೆ ನಮ್ಮನೆ ಎಲ್ಲಿದ್ದು ಕೂಸೆ?" ಅಂತ ಕೇಳಿದ್ರು. ಎಷ್ಟೋ ಸೆಮಿನಾರಲ್ಲಿ ಕೂತಿದ್ದೇನೆ, ಇಷ್ಟು ನೇರವಾದ ಪ್ರಶ್ನೆ ಯಾರೂ ಕೇಳಿದ್ದು ಕೇಳಿಲ್ಲ. ಹಿಪ್ಪೋಕ್ಯಾಂಪಸ್ ಮೇಲೆ ಬೆರಳಿಟ್ಟು ತೋರ್ಸಿದೆ, ದಾರಿ ಮತ್ತೆ ಜಾಗಗಳ ನಕ್ಷೆ ಕಟ್ಟೋದ್ರಲ್ಲೂ ಇದರದ್ದೇ ದೊಡ್ಡ ಪಾಲು ಅಂದೆ.

ನನ್ನ ಮಗ ಓದಿದ್ದೆಲ್ಲ ಮರೀತಾನೆ, ಯಕ್ಷಗಾನದ ಪದ್ಯ ಮಾತ್ರ ರಾತ್ರಿ ಪೂರಾ ಹೇಳ್ತಾನೆ. ಅವನಿಗೆ ನೆನಪಿನ ಶಕ್ತಿ ಇದ್ಯಾ ಇಲ್ವಾ?

ಹೊನ್ನಾವರ, ಸಿದ್ದಾಪುರದ ಕಡೆ ಹೋದ್ರೆ ಈ ಪ್ರಶ್ನೆ ಬರದೇ ಇರೋ ದಿನ ಇಲ್ಲ. ಇದೆ, ಖಂಡಿತ ಇದೆ. "ನೆನಪಿನ ಶಕ್ತಿ" ಅಂತ ಒಂದೇ ಮಾತಲ್ಲಿ ಹೇಳ್ತೇವಲ್ಲ, ತೊಂದ್ರೆ ಅಲ್ಲೇ ಶುರು ಆಗ್ತದೆ, ಬಾವಿಲಿ ಎಷ್ಟು ಕೊಡ ನೀರಿದೆ ಅನ್ನೋ ಥರ ಅದಕ್ಕೆ ಒಂದೇ ಅಳತೆ ಇಲ್ಲ.

1980ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತೆ ಜೊತೆಗಾರರು ಒಬ್ಬ ಕಾಲೇಜು ಹುಡುಗನ ಬಗ್ಗೆ ಬರೆದ್ರು. ಒಂದಾದ ಮೇಲೆ ಒಂದು ಅಂಕಿ ಹೇಳ್ತಾ ಹೋದ್ರೆ ಶುರುನಲ್ಲಿ ಅವನಿಗೂ ಎಲ್ಲರ ಹಾಗೆ ಏಳು ಅಂಕಿ ಅಷ್ಟೇ ಹಿಡಿಸ್ತಿತ್ತು, 200 ಗಂಟೆಗೂ ಹೆಚ್ಚು ಅಭ್ಯಾಸ ಆದ್ಮೇಲೆ 79 ಅಂಕಿ! ಅವ ಓಟಗಾರ, ಅಂಕಿಗಳನ್ನ ಓಟದ ಟೈಮಿಂಗ್ ಥರ ಕಟ್ಟು ಕಟ್ಟಿ ಇಟ್ಕೊಳ್ತಿದ್ದ. ಆದ್ರೆ ಅದೇ ಹುಡುಗನಿಗೆ ಅಂಕಿ ಬದ್ಲು ಅಕ್ಷರ ಕೊಟ್ರೆ ವಾಪಸ್ ಆರಕ್ಕೇ ಬಂದ. ಅಂದ್ರೆ ಬೆಳೆದದ್ದು ಪಾತ್ರೆ ಅಲ್ಲ, ಅಂಕಿ ಜೋಡಿಸೋ ವಿದ್ಯೆ.

ನಿಮ್ಮ ಮಗನಿಗೂ ಹಾಗೇ. ಪದ್ಯಕ್ಕೆ ರಾಗ ಇದೆ, ತಾಳ ಇದೆ, ಪ್ರಾಸ ಇದೆ, ಮುಂದಿನ ಸಾಲು ತಪ್ಪಿದ್ರೆ ಚಂಡೆ ಮದ್ದಳೆ ಅವನನ್ನ ಎಳ್ಕೊಂಡು ಹೋಗ್ತದೆ, ಕಥೆ ಮೊದ್ಲೇ ಗೊತ್ತು, ವೇಷದ ಬಣ್ಣ ಕಣ್ಣಲ್ಲಿದೆ, ಮತ್ತೆ ಅವನಿಗೆ ಅದು ಬೇಕು. ಸಮಾಜ ವಿಜ್ಞಾನದ ಪುಸ್ತಕದ ಒಂದು ಪ್ಯಾರಾಕ್ಕೆ ಇದ್ರಲ್ಲಿ ಒಂದೂ ಇಲ್ಲ. ಅವನನ್ನ ದಡ್ಡ ಅನ್ಬೇಡಿ, ಇದು ನನ್ನ ಕಳಕಳಿಯ ಮಾತು. ಅವನ ಕೈಲಿ ಪಾಠವನ್ನ ಅರ್ಥಗಾರಿಕೆ ಥರ ಹೇಳ್ಸಿ ನೋಡಿ, ಅಶೋಕ ಒಬ್ಬ, ಎದುರಿಗೆ ಕಳಿಂಗದವ ಇನ್ನೊಬ್ಬ. ನಮ್ಮ ಕಡೆ ಕೆಲವು ಮಾಸ್ತರು ಹೀಗೆ ಮಾಡ್ಸಿದ್ದನ್ನ ನೋಡಿದ್ದೇನೆ, ಮಕ್ಕಳು ಮರೆಯೋದಿಲ್ಲ.

ವೇದ ಬಾಯಿಪಾಠ ಮಾಡಿದವ್ರ ಮೆದುಳೇ ಬೇರೆ ಆಗ್ತದಂತೆ?

ಗೋಕರ್ಣದಲ್ಲಿ ಕೇಳಿದ್ರು ಇದನ್ನ. ಒಂದು ಅಧ್ಯಯನ ಇದೆ, ಜೇಮ್ಸ್ ಹಾರ್ಟ್‌ಜೆಲ್ ಮತ್ತೆ ಜೊತೆಗಾರರದ್ದು, 2016ರಲ್ಲಿ ಪ್ರಕಟ ಆದದ್ದು. 21 ವೇದ ಪಂಡಿತರು, ಅವರಿಗೆ ಹೊಂದೋ ಬೇರೆ 21 ಜನ. ಪಂಡಿತರಲ್ಲಿ ಮೆದುಳಿನ ಹಲವು ಭಾಗದಲ್ಲಿ, ಬಲಗಡೆ ಹಿಪ್ಪೋಕ್ಯಾಂಪಸ್ ಸೇರಿ, ನರಕೋಶಗಳು ತುಂಬಿರೋ ಬೂದು ಭಾಗ ಹೆಚ್ಚು ಕಂಡಿತು. ಆದ್ರೆ ಇದು ಒಂದೇ ಸಲ ತೆಗೆದ ಸ್ಕ್ಯಾನು, ವೇದ ಹೇಳಿದ್ರಿಂದ ಬೆಳೀತಾ ಅಥವಾ ಮೊದ್ಲೇ ಹಾಗಿದ್ದವ್ರು ಪಾಠಶಾಲೆಲಿ ಉಳ್ಕೊಂಡ್ರಾ ಅನ್ನೋದನ್ನ ಇದ್ರಿಂದ ಹೇಳ್ಲಿಕ್ಕೆ ಆಗೋದಿಲ್ಲ.

ಆ ಪ್ರಶ್ನೆಗೆ ಒಳ್ಳೆ ಉತ್ತರ ಸಿಕ್ಕಿದ್ದು ಲಂಡನ್ನಿನ ಟ್ಯಾಕ್ಸಿ ಡ್ರೈವರ್‌ಗಳಿಂದ. ಅಲ್ಲಿ ಲೈಸೆನ್ಸ್ ಬೇಕಂದ್ರೆ ಸುಮಾರು 25,000 ರಸ್ತೆ ತಲೆಲಿ ಇರ್ಬೇಕು, ಮೂರ್ನಾಲ್ಕು ವರ್ಷ ಬೇಕು ಕಲೀಲಿಕ್ಕೆ. 2000ದಲ್ಲಿ ಎಲಿನಾರ್ ಮಗ್ವೈರ್ ಈ ಡ್ರೈವರ್‌ಗಳ ಹಿಪ್ಪೋಕ್ಯಾಂಪಸ್ಸಿನ ಹಿಂಭಾಗ ದೊಡ್ಡದಿರೋದನ್ನ ತೋರ್ಸಿದ್ರು, ಮುಂಭಾಗ ಚಿಕ್ಕದಿತ್ತು ಅನ್ನೋದನ್ನ ಜನ ಹೇಳೋದಿಲ್ಲ. 2011ರಲ್ಲಿ ಕಲಿಯೋರನ್ನ ಮೊದ್ಲೂ ಆಮೇಲೂ ಸ್ಕ್ಯಾನ್ ಮಾಡಿ ನೋಡಿದ್ರು, 79 ಜನರಲ್ಲಿ ಪಾಸಾದ 39 ಜನರದ್ದು ಮಾತ್ರ ಬೆಳೆದಿತ್ತು. ಅಲ್ಲಿಗೆ ಅಭ್ಯಾಸದಿಂದ ಬೆಳೀತದೆ ಅಂತ ಆಯ್ತು.

ನಮ್ಮ ತದಡಿ ಬಂದರಲ್ಲಿ ಒಬ್ಬರು ವಯಸ್ಸಾದ ತಾಂಡೇಲರನ್ನ, ಅಂದ್ರೆ ಮೀನುದೋಣಿ ನಡ್ಸೋವ್ರನ್ನ ಮಾತಾಡಿಸಿದ್ದೆ, ನನ್ನ ವಿದ್ಯಾರ್ಥಿಯ ಅಜ್ಜ. ಜಿಪಿಎಸ್ ಬರೋದಕ್ಕೆ ಮೊದ್ಲು ಬಂಡೆ ಎಲ್ಲಿದೆ, ಬಲೆ ಎಲ್ಲಿ ಬಿಡ್ಬೇಕು ಹೇಗೆ ಗೊತ್ತಾಗ್ತಿತ್ತು ಅಂತ ಕೇಳಿದೆ. ಕೂತಲ್ಲೇ ಮರಳ ಮೇಲೆ ಬೆರಳಲ್ಲಿ ಗೆರೆ ಎಳ್ದು, ಈ ಗುಡ್ಡದ ತುದಿ ಆ ತೆಂಗಿನತೋಟದ ನೇರಕ್ಕೆ ಬರ್ಬೇಕು, ಇತ್ಲಾಗಿಂದ ಈ ಎರಡು ಸಾಲಿಗೆ ಬರ್ಬೇಕು, ಎರಡು ಗೆರೆ ಕೂಡೋ ಕಡೆ ನಿಲ್ಸೋದು ಅಂತ ಒಂದಾದ ಮೇಲೆ ಒಂದು ಹನ್ನೆರಡು ಜಾಗ ಬರೆದ್ರು. ನಡುವೆ ಒಂದ್ಸಲನೂ ಸಮುದ್ರದ ಕಡೆ ತಿರುಗಿ ನೋಡ್ಲಿಲ್ಲ. ಇವರ ಮೆದುಳನ್ನ ಯಾರೂ ಸ್ಕ್ಯಾನ್ ಮಾಡಿಲ್ಲ, ಮಾಡ್ಬೇಕು ಅಂತ ನಂಗೆ ತುಂಬಾ ಆಸೆ, ಆ ತಲೆಮಾರು ಹೋಗೋ ಮೊದ್ಲು.

ಕಣ್ಣು ಮುಚ್ಚಿದ್ರೆ ನಂಗೆ ಯಾವ ಚಿತ್ರನೂ ಬರೋದಿಲ್ಲ. ಇದು ಕಾಯಿಲೆನಾ?

ಅಲ್ಲ. ಇದಕ್ಕೆ ಆಡಮ್ ಝೀಮನ್ ಮತ್ತೆ ಜೊತೆಗಾರರು 2015ರಲ್ಲಿ ಅಫ್ಯಾಂಟೇಶಿಯಾ ಅಂತ ಹೆಸರಿಟ್ರು, ವಿಷಯ ಹಳೇದು, 1880ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಜನರಿಗೆ ಬೆಳಿಗ್ಗೆ ತಿಂಡಿ ಮೇಜು ಮನಸ್ಸಲ್ಲಿ ಹೇಗೆ ಕಾಣ್ತದೆ ಹೇಳಿ ಅಂತ ಕೇಳಿದಾಗ ಕೆಲವ್ರು ಏನೂ ಕಾಣೋದಿಲ್ಲ ಅಂದಿದ್ರು. ಚಿತ್ರ ಬರದವ್ರು ಚೆನ್ನಾಗೇ ಓದ್ತಾರೆ, ದುಡೀತಾರೆ, ಮನೆ ದಾರಿ ತಪ್ಪೋದಿಲ್ಲ. ಅಂಕೋಲದ ಒಬ್ಬ ಹುಡುಗಿ ಇದನ್ನ ಕೇಳಿ ಅತ್ತೇ ಬಿಟ್ಳು, "ಮನಸ್ಸಲ್ಲಿ ಚಿತ್ರ ಬಿಡಿಸ್ಕೊಳ್ಳಿ" ಅಂತ ಟೀಚರ್ ಹೇಳಿದಾಗೆಲ್ಲ ಬಾಯ್ಮಾತಿಗೆ ಹೇಳ್ತಾರೆ ಅಂದ್ಕೊಂಡಿದ್ಳಂತೆ, ಉಳಿದವ್ರಿಗೆ ನಿಜವಾಗ್ಲೂ ಕಾಣ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೇನೆ, ನಿಮ್ಮ ದಾರಿ ಮಾತು, ಪಟ್ಟಿ, ಕಾರಣ. ಚಿತ್ರದ ಟೆಕ್ನಿಕ್ ಹೇಳಿಕೊಡೋ ಕ್ಲಾಸಿಗೆ ದುಡ್ಡು ಹಾಕ್ಬೇಡಿ.

ಪ್ರತಿ ದಿನ ಏನಾಯ್ತು ಅಂತ ನೆನಪಿರೋ ಜನ ಇದ್ದಾರಂತೆ?

ಇದ್ದಾರೆ, ತುಂಬಾ ಕಡಿಮೆ. ಮೊದಲನೇ ವರದಿ 2006ರದ್ದು, ಕ್ಯಾಲಿಫೋರ್ನಿಯಾದ ಜೇಮ್ಸ್ ಮೆಕ್‌ಗಾ ಮತ್ತೆ ಜೊತೆಗಾರರು ಜಿಲ್ ಪ್ರೈಸ್ ಅನ್ನೋ ಹೆಂಗಸಿನ ಬಗ್ಗೆ ಬರೆದದ್ದು. ಯಾವ್ದೋ ಹಳೇ ತಾರೀಖು ಹೇಳಿದ್ರೆ ವಾರ ಯಾವ್ದು, ತಾನು ಏನು ಮಾಡ್ತಿದ್ದೆ ಎಲ್ಲ ಹೇಳ್ತಾರೆ. ಕೇಳ್ಲಿಕ್ಕೆ ವರ ಅನ್ಸ್ತದೆ, ಆದ್ರೆ ಅವರಿಗೆ ಅದು ಭಾರ ಆಗಿತ್ತು, ಹಳೇ ನೋವು ಕೂಡ ಹಾಗೇ ಹಸಿ. ಶಾಲೆ ಪಾಠ ಬಾಯಿಪಾಠ ಮಾಡೋದ್ರಲ್ಲಿ ಅವರು ಮೇಲಿರ್ಲಿಲ್ಲ. 2013ರಲ್ಲಿ ಇಂಥವ್ರ ಮೇಲೆ ಸುಳ್ಳು ನೆನಪಿನ ಪರೀಕ್ಷೆ ಮಾಡಿದಾಗ ಅವರೂ ನಮ್ಮ ಹಾಗೇ ಮೋಸ ಹೋದ್ರು. ಇದರ ಉಲ್ಟಾ ತುದಿಯವ್ರೂ ಇದ್ದಾರೆ, ತನ್ನ ಮದುವೆ ಆಯ್ತು ಅಂತ ಗೊತ್ತು, ಆದ್ರೆ ಆ ದಿನಕ್ಕೆ ವಾಪಸ್ ಹೋಗಿ ನಿಲ್ಲೋಕೆ ಆಗೋದಿಲ್ಲ, ಉಳಿದ ಬುದ್ಧಿ ಎಲ್ಲ ಸರಿ. 2015ರಲ್ಲಿ ಇಂಥ ಮೂರು ಜನರ ಬಗ್ಗೆ ಕೆನಡಾದಿಂದ ವರದಿ ಬಂತು.

ನಾವು ಮೆದುಳಿನ 10% ಮಾತ್ರ ಬಳಸೋದಾ?

ಸುಳ್ಳು. ಪೂರ್ತಿ ಬಳಸ್ತೇವೆ. ದೇಹದ ತೂಕದಲ್ಲಿ ಮೆದುಳು ನೂರಕ್ಕೆ 2, ಸುಮ್ನೆ ಕೂತಾಗ ದೇಹ ಸುಡೋ ಶಕ್ತಿಯಲ್ಲಿ ನೂರಕ್ಕೆ 20 ಅದಕ್ಕೇ. ಬಳಸದ ವಸ್ತುವಿಗೆ ದೇಹ ಇಷ್ಟು ಖರ್ಚು ಮಾಡೋದಿಲ್ಲ.

ಅಜ್ಜನಿಗೆ ಮರೆವು ಶುರು ಆಗಿದೆ. ಪಕ್ಕದ ಮನೆ ಅಜ್ಜ ಇನ್ನೂ ದೊಡ್ಡವ್ರು, ಅವರು ಚುರುಕು. ಯಾಕೆ ಹೀಗೆ?

ಮೊದ್ಲು ಡಾಕ್ಟರಿಗೆ ತೋರ್ಸಿ, ವಯಸ್ಸಾಯ್ತು ಬಿಡು ಅನ್ಬೇಡಿ. ಬಿ12 ಕಡಿಮೆ ಇದ್ರೂ, ಥೈರಾಯ್ಡ್ ತೊಂದ್ರೆ ಇದ್ರೂ, ಮನಸ್ಸು ಕುಗ್ಗಿದ್ರೂ, ಕಿವಿ ಕೇಳದೇ ಹೋದ್ರೂ ಮರೆವಿನ ಥರಾನೇ ಕಾಣ್ತದೆ, ಇವಕ್ಕೆ ಮದ್ದಿದೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆ ಇರೋದು ಬಹಳ. ನಮ್ಮ ಮಾವನವ್ರಿಗೇ ಹಾಗಾಗಿ, ಆರು ತಿಂಗಳು ನಾವೆಲ್ಲ ಹೆದ್ರಿ ಕೂತಿದ್ವಿ, ಒಂದು ರಕ್ತಪರೀಕ್ಷೆ ಮಾಡ್ಸೋದು ತಡ ಆಯ್ತು ಅಷ್ಟೇ. ಆ ಆರು ತಿಂಗಳು ಬೇರೆ ಯಾರ ಮನೆಲೂ ಹೋಗಬಾರ್ದು ಅಂತಲೇ ಇದನ್ನ ಬರೀತಿದ್ದೇನೆ.

ಇನ್ನು ಇಬ್ಬರು ಅಜ್ಜಂದಿರ ವ್ಯತ್ಯಾಸ. ಅಮೆರಿಕದಲ್ಲಿ 678 ಜನ ಕ್ರೈಸ್ತ ಸನ್ಯಾಸಿನಿಯರನ್ನ ವರ್ಷಗಟ್ಟಲೆ ನೋಡಿದ ಒಂದು ದೊಡ್ಡ ಅಧ್ಯಯನ ನಡೀತು, ಡೇವಿಡ್ ಸ್ನೋಡನ್ 1986ರಲ್ಲಿ ಶುರು ಮಾಡಿದ್ದು. ತೀರಿಕೊಂಡ ಮೇಲೆ ಮೆದುಳು ದಾನ ಮಾಡಿದ್ರು. ಕೆಲವರ ಮೆದುಳಲ್ಲಿ ಅಲ್ಝೈಮರ್ ಅನ್ನೋ ಮರೆವಿನ ರೋಗದ ಗುರುತು ತುಂಬಾ ಇತ್ತು, ಆದ್ರೆ ಬದುಕಿದ್ದಾಗ ಅವರು ಚುರುಕಾಗೇ ಇದ್ರು. ಅಂದ್ರೆ ಒಂದೇ ಪೆಟ್ಟು ಬಿದ್ರೂ ತಡ್ಕೊಳ್ಳೋ ಶಕ್ತಿ ಒಬ್ಬೊಬ್ಬರಿಗೆ ಬೇರೆ. ರಾಬರ್ಟೊ ಕಬೆಜಾ 2002ರಲ್ಲಿ ತೋರ್ಸಿದ್ದೂ ಇಲ್ಲಿಗೆ ಕೂಡ್ತದೆ, ನೆನಪಿನ ಪರೀಕ್ಷೆಲಿ ಚೆನ್ನಾಗಿ ಮಾಡೋ ವಯಸ್ಸಾದವ್ರು ಹಣೆ ಹಿಂದಿನ ಭಾಗವನ್ನ ಎಡ ಬಲ ಎರಡೂ ಬದಿ ಹಚ್ಚಿ ಕೆಲ್ಸ ಮಾಡ್ತಿದ್ರು, ಹಿಂದೆ ಬಿದ್ದವ್ರು ಹರೆಯದವ್ರ ಹಾಗೆ ಹೆಚ್ಚಾಗಿ ಒಂದೇ ಬದಿ.

ನಮ್ಮ ಜಿಲ್ಲೆಯವ್ರಿಗೆ ಮನಸ್ಸಿಗೆ ಹತ್ತಿರ ಆಗೋ ಇನ್ನೊಂದು ವಿಷಯ ಇದೆ. ಹೈದರಾಬಾದಿನಲ್ಲಿ ಡಾಕ್ಟರ್ ಸುವರ್ಣ ಅಲ್ಲಾಡಿ ಮತ್ತೆ ಜೊತೆಗಾರರು 648 ಮರೆವಿನ ರೋಗಿಗಳ ದಾಖಲೆ ನೋಡಿ 2013ರಲ್ಲಿ ಬರೆದ್ರು, ಎರಡು ಭಾಷೆ ಆಡೋವ್ರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರು ಆಗಿತ್ತು, ಓದು ಬರಹ ಬಾರದವ್ರಲ್ಲೂ ಈ ವ್ಯತ್ಯಾಸ ಇತ್ತು. ಮನೆಲಿ ಕೊಂಕಣಿ, ಪೇಟೆಲಿ ಕನ್ನಡ, ಕಾರವಾರದ ಹಳೇ ಜನರಿಗೆ ಮರಾಠಿನೂ ಸೇರಿ, ದಿನಕ್ಕೆ ಮೂರು ಭಾಷೆ ಆಡೋ ನಮ್ಮಜ್ಜಿಯರು ಗೊತ್ತಿಲ್ಲದೇ ಮೆದುಳಿಗೆ ದಿನಾ ಕಸರತ್ತು ಕೊಡ್ತಿದ್ದಾರೆ. ಬೇರೆ ದೇಶಗಳ ಕೆಲವು ಅಧ್ಯಯನದಲ್ಲಿ ಈ ಲಾಭ ಕಂಡಿಲ್ಲ, ಚರ್ಚೆ ನಡೀತಾ ಇದೆ. ಆದ್ರೂ ಮಕ್ಕಳ ಜೊತೆ ಮನೆಮಾತು ಬಿಡ್ಬೇಡಿ.

ಸ್ಕ್ಯಾನ್ ಮಾಡ್ಸಿ ಮಗು ಬುದ್ಧಿವಂತನಾ ಹೇಳಬಹುದಾ? ಬೆರಳಚ್ಚು ನೋಡಿ ಹೇಳೋದು? ಮಿಡ್‌ಬ್ರೈನ್ ಕ್ಲಾಸು?

ಮೂರಕ್ಕೂ ಇಲ್ಲ.

ಸ್ಕ್ಯಾನಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇಲ್ಲಿ ವಿಜ್ಞಾನಿಗಳೇ ಎಡವಿದ್ದಾರೆ. ಇಪ್ಪತ್ತೈದು ಜನರನ್ನ ಸ್ಕ್ಯಾನ್ ಮಾಡಿ, ಈ ಭಾಗ ದೊಡ್ಡದಿದ್ದವ್ರಿಗೆ ನೆನಪು ಜಾಸ್ತಿ ಅಂತ ಬರಿಯೋದು ವರ್ಷಗಟ್ಟಲೆ ನಡೀತು. 2022ರಲ್ಲಿ ಸ್ಕಾಟ್ ಮಾರೆಕ್ ಮತ್ತೆ ಜೊತೆಗಾರರು ಸುಮಾರು 50,000 ಜನರ ಡೇಟಾ ಇಟ್ಕೊಂಡು ನೋಡಿದ್ರೆ, ಅಂಥ ಸಂಬಂಧಗಳು ತುಂಬಾ ಸಣ್ಣವು, ನಂಬೋ ಹಾಗೆ ಕಾಣ್ಬೇಕಂದ್ರೆ ಸಾವಿರಾರು ಜನ ಬೇಕು, ಸಣ್ಣ ಗುಂಪಲ್ಲಿ ಬಂದದ್ದು ಇನ್ನೊಂದು ಗುಂಪಲ್ಲಿ ಬರೋದೇ ಕಷ್ಟ ಅಂತ ಗೊತ್ತಾಯ್ತು. ನಾವು ಲ್ಯಾಬಲ್ಲಿ ಮಾಡಿದ ಕೆಲವು ಕೆಲ್ಸನೂ ಆ ಸಾಲಿಗೇ ಬರ್ತದೆ, ಒಪ್ಕೊಳ್ತೇನೆ. ಮೇಲೆ ಹೇಳಿದ 9 ಜನರ ಅಧ್ಯಯನಕ್ಕೆ ಇದು ತಾಗೋದಿಲ್ಲ, ಅಲ್ಲಿ ಒಬ್ಬನನ್ನ ಅವನ ಜೊತೆಗೇ ಹೋಲಿಸಿದ್ದು, ಲೆಕ್ಕ ಬೇರೆ.

ಬೆರಳ ಗೆರೆಗೂ ಬುದ್ಧಿಗೂ ವಿಜ್ಞಾನದ ಆಧಾರ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ಓದ್ಸೋ ಆ ಮಿಡ್‌ಬ್ರೈನ್ ಕ್ಲಾಸಲ್ಲಿ ಮಕ್ಕಳು ನೋಡೋದು ಮೂಗಿನ ಪಕ್ಕದ ಸಂದಿಯಿಂದ, ಅಡಿಕೆ ಮಾರಿದ ದುಡ್ಡನ್ನ ಅಲ್ಲಿ ಸುರೀಬೇಡಿ. ಮಗುವಿಗೆ ಸುಳ್ಳು ಹೇಳೋದನ್ನ ದುಡ್ಡು ಕೊಟ್ಟು ಕಲಿಸಿದ ಹಾಗೆ ಆಗ್ತದೆ.

ಒಂದೆಲಗದ ತಂಬ್ಳಿ ಉಂಡ್ರೆ ನೆನಪು ಹೆಚ್ಚಾಗ್ತದಾ?

ನಾನೂ ಬೆಳೆದದ್ದು ಅದನ್ನ ಉಂಡೇ. ಬ್ರಾಹ್ಮಿ ಅಂತ ಎರಡು ಬೇರೆ ಗಿಡಕ್ಕೆ ಹೇಳ್ತಾರೆ, ನಮ್ಮ ತೋಟದ ಕಾಲುವೆ ಬದಿಯ ಒಂದೆಲಗ ಬೇರೆ, ನೀರುಬ್ರಾಹ್ಮಿ ಬೇರೆ. ನೀರುಬ್ರಾಹ್ಮಿಯ ಸಾರ ತೆಗೆದ ಮಾತ್ರೆಯನ್ನ ಸುಮಾರು 12 ವಾರ ಕೊಟ್ಟ ಕೆಲವು ಸಣ್ಣ ಪರೀಕ್ಷೆಲಿ ಸ್ವಲ್ಪ ಲಾಭ ಕಂಡಿದೆ, ಅದನ್ನ ತಂಬ್ಳಿಗೆ ಹಚ್ಚಿ ಹೇಳ್ಲಿಕ್ಕೆ ಬರೋದಿಲ್ಲ. ತಂಬ್ಳಿ ರುಚಿಗೆ ಉಣ್ಣಿ, ಮಧ್ಯಾಹ್ನದ ಬಿಸಿಲಿಗೆ ತಂಪು.

ಹಾಗಾದ್ರೆ ಪರೀಕ್ಷೆಗೆ ಏನು ಮಾಡೋದು?

ಎಲ್ಲರಿಗೂ ಕೆಲ್ಸ ಮಾಡೋದು ಒಂದು: ಪುಸ್ತಕ ಮುಚ್ಚಿಟ್ಟು ತನಗೆ ತಾನೇ ಕೇಳ್ಕೊಳ್ಳೋದು. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕೆ ತೋರ್ಸಿದ್ರು, ಮತ್ತೆ ಮತ್ತೆ ಓದಿದವ್ರು ಐದು ನಿಮಿಷ ಬಿಟ್ಟು ಕೇಳಿದ್ರೆ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದ್ರೆ ನೆನಪಿಂದ ಬರೆದು ಅಭ್ಯಾಸ ಮಾಡಿದವ್ರೇ ಮುಂದೆ. ದಿನ ಬಿಟ್ಟು ದಿನ ಮಾಡಿ, ರಾತ್ರಿ ನಿದ್ದೆ ಮಾಡಿ, ನಿದ್ದೆಲೇ ನೆನಪು ಗಟ್ಟಿ ಆಗೋದು.

ಚಿತ್ರ ಬರೋವ್ರಿಗೆ ಇನ್ನೊಂದು ಇದೆ, ಮನೆ ದಾರಿ. ಹೆಬ್ಬಾಗಿಲು, ಜಗಲಿ, ನಡುಮನೆ, ದೇವರ ಕೋಣೆ, ಮೆತ್ತಿ, ಒಲೆ, ಬಚ್ಚಲು, ಕೊಟ್ಟಿಗೆ, ಒಂದೊಂದು ಕಡೆ ಒಂದೊಂದು ಉತ್ತರ ಇಟ್ಟು ಮನಸ್ಸಲ್ಲಿ ನಡ್ಕೊಂಡು ಹೋಗೋದು. ಜಗತ್ತಿನ ನೆನಪಿನ ಚಾಂಪಿಯನ್ನರು ಮಾಡೋದೂ ಇದೇ. 2017ರಲ್ಲಿ ಮಾರ್ಟಿನ್ ಡ್ರೆಸ್ಲರ್ ಸಾಮಾನ್ಯ ಜನರಿಗೆ ಇದನ್ನ ಆರು ವಾರ ಕಲಿಸಿದ್ರು, 72 ಶಬ್ದದಲ್ಲಿ ಮೊದ್ಲು 26ರ ಹತ್ರ ಹೇಳ್ತಿದ್ದವ್ರು 60 ದಾಟಿದ್ರು, ಮೆದುಳಿನ ಜೋಡಣೆಯ ನಕ್ಷೆನೂ ಚಾಂಪಿಯನ್ನರದ್ದರ ಕಡೆಗೆ ಸ್ವಲ್ಪ ಸರೀತು.

ಇಂಥ ರಿಸರ್ಚಲ್ಲಿ ನಾವೂ ಸೇರಬಹುದಾ? ನೋವಾಗ್ತದಾ?

ಸೇರಬಹುದು. ಬೆಂಗಳೂರಿನ ನಿಮ್ಹಾನ್ಸ್ ಇರ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಇರ್ಲಿ, ಇಂಥ ಕೆಲ್ಸ ನಡೀತದೆ, ಆ ಕೇಂದ್ರದವ್ರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವ್ರನ್ನ ವರ್ಷಗಟ್ಟಲೆ ನೋಡೋ ದೊಡ್ಡ ಅಧ್ಯಯನ ಮಾಡ್ತಿದ್ದಾರೆ. ಪುಸ್ತಕಗಳಲ್ಲಿರೋ ಮೆದುಳುಗಳಲ್ಲಿ ಬಹಳಷ್ಟು ಅಮೆರಿಕ ಯುರೋಪಿನ ಕಾಲೇಜು ಮಕ್ಕಳದ್ದು, ನಮ್ಮ ಕಡೆಯ ತೋಟ, ಕಡಲು, ಗದ್ದೆಯಲ್ಲಿ ಬೆಳೆದ ಮೆದುಳೂ ಅಲ್ಲಿಗೆ ಸೇರ್ಬೇಕು ಅಂತ ನನ್ನ ಮನಸ್ಸು.

ನೋವಿಲ್ಲ, ಚುಚ್ಚೋದಿಲ್ಲ, ಎಕ್ಸ್‌ರೇ ಕಿರಣ ಇಲ್ಲ. ಸದ್ದು ಮಾತ್ರ ವಿಪರೀತ, ಕಿವಿಗೆ ಮುಚ್ಚಳ ಕೊಡ್ತಾರೆ. ಕೈಲಿ ಒಂದು ರಬ್ಬರ್ ಉಂಡೆ ಇರ್ತದೆ, ಬೇಡ ಅನ್ಸಿದ್ರೆ ಒತ್ತಿ, ಹೊರಗೆ ಎಳೀತಾರೆ, ಯಾಕೆ ಅಂತ ಯಾರೂ ಕೇಳಬಾರ್ದು. ಸಹಿ ಹಾಕೋ ಮೊದ್ಲು ಕನ್ನಡದಲ್ಲೇ ಓದಿ ಹೇಳಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಮೈಯಲ್ಲಿ ಪೇಸ್‌ಮೇಕರ್, ರಾಡು ಏನಿದ್ರೂ ಮೊದ್ಲೇ ಹೇಳಿ. ಮಂಗಳಸೂತ್ರ, ಬಳೆ, ಸೀರೆ ಪಿನ್ನು ಎಲ್ಲ ತೆಗ್ದಿಡ್ಬೇಕು, ಹೇರ್‌ಪಿನ್ನು ಕೂದಲೊಳಗೆ ಒಂದು ಉಳ್ದೇ ಇರ್ತದೆ, ಎರಡು ಸಲ ತಡಕಿ ನೋಡ್ಕೊಳ್ಳಿ.